ಚಾಕು ಮಾತನಾಡುವ ಊರು

ಮಡಿಸುವ ಚಾಕು ಕೈಗೆ ಸಿಕ್ಕಿದಾಗ ಸುಮ್ಮನಿರಬಲ್ಲ ಮನುಷ್ಯ ವಿರಳ. ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು, ಮತ್ತೆ ಮುಚ್ಚುವುದು. ಹಣ್ಣು ಹೆಚ್ಚಬೇಕೆಂದಲ್ಲ, ಪೆನ್ಸಿಲು ಚೂಪು ಮಾಡಬೇಕೆಂದೂ ಅಲ್ಲ. ‘ಟಕ್’ ಎಂಬ ಆ ಸದ್ದು ಕಿವಿಗೆ ಬೀಳಬೇಕು, ಅಷ್ಟೆ. ಮನೆಯಲ್ಲಿ ಹಿರಿಯರಿದ್ದರೆ, “ಸವೆದು ಹೋಗುತ್ತೆ, ಇಡೋ ಅದನ್ನ” ಎಂದು ಗದರುವುದುಂಟು. “ಉಕ್ಕು ಎಲ್ಲಾದರೂ ಸವೆಯುತ್ತದೆಯೇ ತಾತ?” ಎಂದು ಹುಡುಗ ಕೇಳುವುದೂ ಉಂಟು. ಈ ತಕರಾರು ಎಲ್ಲ ದೇಶಗಳಲ್ಲಿಯೂ ಇದೆ. ಆದರೆ ಇದಕ್ಕೆ ಅಧಿಕಾರದಿಂದ ತೀರ್ಪು ಕೊಡಬಲ್ಲ ಊರು ಯಾವುದೆಂದು ಹುಡುಕುತ್ತ ಹೊರಟರೆ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಶೆಫೀಲ್ಡಿಗೇ ಬಂದು ನಿಲ್ಲಬೇಕಾಗುತ್ತದೆ.

ಶೆಫೀಲ್ಡಿನ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟ ಪ್ರವಾಸಿಯನ್ನು ಮೊದಲು ಎದುರುಗೊಳ್ಳುವುದೇ ಒಂದು ಅಲಗು. 80 ಮೀಟರಿಗೂ ಮೀರಿದ ಉದ್ದದ, ತುಕ್ಕು ಹಿಡಿಯದ ಉಕ್ಕಿನ ಬಾಗಿದ ಗೋಡೆಯೊಂದು ಚೌಕದ ಅಂಚಿಗೆ ಮಲಗಿದೆ. ಅದರ ಮೈಮೇಲೆ ನೀರು ತೆಳ್ಳಗೆ ಜಾರುತ್ತಲೇ ಇರುತ್ತದೆ. ನಿಲ್ದಾಣದ ಸುತ್ತಮುತ್ತಲಿನ ಜಾಗವನ್ನು ಹೊಸದಾಗಿ ರೂಪಿಸಿದಾಗ ನಿಲ್ಲಿಸಿದ ಶಿಲ್ಪವಿದು. ಉಕ್ಕು ಮತ್ತು ನೀರು, ಈ ಎರಡನ್ನು ಬಿಟ್ಟರೆ ಈ ಊರಿಗೆ ಹೇಳಿಕೊಳ್ಳಲು ಬೇರೆ ಕಥೆಯಿಲ್ಲ ಎಂಬುದನ್ನು ಶಿಲ್ಪಿಗಳು ಸರಿಯಾಗಿಯೇ ಅರಿತಿದ್ದರು. ಊರಿಗೆ ಹೆಸರು ಕೊಟ್ಟ ಷೀಫ್ ನದಿಯು ಮಾತ್ರ ಇಲ್ಲಿ ಕಣ್ಣಿಗೆ ಬೀಳದು. ಅದು ಈ ನಿಲ್ದಾಣದ ಅಡಿಯಲ್ಲಿಯೇ ಕಟ್ಟಿದ ಸುರಂಗಗಳಲ್ಲಿ ಹರಿದುಹೋಗುತ್ತದೆ.

ಡಾನ್, ಷೀಫ್, ರಿವೆಲಿನ್, ಲಾಕ್ಸ್‌ಲಿ, ಪೋರ್ಟರ್ ಎಂಬ ಐದು ಹೊಳೆಗಳು ಗುಡ್ಡಗಳಿಂದ ಇಳಿದು ಇಲ್ಲಿ ಕೂಡುತ್ತವೆ. ಗಂಗೆ ಕಾವೇರಿಗಳನ್ನು ಕಂಡವರಿಗೆ ಇವು ನದಿಗಳೆಂದರೆ ನಗು ಬಂದೀತು. ಪೋರ್ಟರ್ ಅಂತೂ ಮಕ್ಕಳು ಹಾರಿ ದಾಟಬಹುದಾದಷ್ಟು ಕಿರಿದು. ಆದರೆ ಇಳಿಜಾರು ಕಡಿದಾದುದರಿಂದ ಇವುಗಳಿಗೆ ವೇಗವಿದೆ. ಕಟ್ಟೆ ಕಟ್ಟಿ, ಕಾಲುವೆ ತೋಡಿ, ಒಂದೊಂದು ಮೈಲಿಗೂ ಹಲವು ನೀರುಚಕ್ರಗಳನ್ನು ಈ ಹೊಳೆಗಳಿಂದ ತಿರುಗಿಸಿದರು. ಚಕ್ರ ತಿರುಗಿದರೆ ಸಾಣೆಕಲ್ಲು ತಿರುಗುವುದು. ಸಾಣೆಕಲ್ಲು ತಿರುಗಿದರೆ ಚಾಕುವಿಗೆ ಬಾಯಿ ಬರುವುದು. ಬೇಕಾದ ಮರಳುಗಲ್ಲು ಸಮೀಪದ ಗಣಿಗಳಲ್ಲಿಯೇ ದೊರೆಯುತ್ತಿತ್ತು. 14ನೆಯ ಶತಮಾನದ ಕೊನೆಯಲ್ಲಿ ಕವಿ ಚಾಸರ್ ತನ್ನ ಕಥೆಯೊಂದರ ಗಿರಣಿಗಾರನ ಕಾಲುಚೀಲದಲ್ಲಿ ಶೆಫೀಲ್ಡಿನ ಚಾಕುವನ್ನೇ ಇಟ್ಟಿದ್ದಾನೆಂದ ಮೇಲೆ, ಆಗಲೇ ಈ ಹೆಸರು ಮನೆಮಾತಾಗಿದ್ದಿರಬೇಕು. 1624ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಚಾಕು ಕಸಬುದಾರರ ಸಂಘ ಸ್ಥಾಪಿತವಾಯಿತು. ಯಾರ ಚಾಕುವಿನ ಮೇಲೆ ಯಾರ ಗುರುತು ಇರಬೇಕು, ಯಾರು ಯಾರ ಕೈಕೆಳಗೆ ಕಲಿಯಬೇಕು ಎಂಬುದೆಲ್ಲ ಈ ಸಂಘದ ಕಟ್ಟಳೆ. ಅದರ ಈಗಿನ ಭವನವು 1832ರಲ್ಲಿ ಕಟ್ಟಿದುದು. ಊರ ಮಧ್ಯದಲ್ಲಿ ದೊಡ್ಡ ಇಗರ್ಜಿಗೆ ಎದುರಾಗಿ ಗಂಭೀರವಾಗಿ ನಿಂತಿದೆ.

ಚಾಕುವಿನ ಸದ್ದಿಗೂ ಈ ಊರಿನ ಉಕ್ಕಿಗೂ ಒಂದು ವಿಚಿತ್ರ ಸಂಬಂಧವಿದೆ. 18ನೆಯ ಶತಮಾನದ ನಡುಭಾಗದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸಗಾರನಿಗೆ ಒಳ್ಳೆಯ ಸ್ಪ್ರಿಂಗುಗಳು ದೊರೆಯದೆ ಬೇಸರವಾಯಿತು. ಆಗಿನ ಉಕ್ಕು ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತು. ಆತನು ಉಕ್ಕನ್ನು ಮಣ್ಣಿನ ಮೂಸೆಗಳಲ್ಲಿ ಪೂರ್ತಿ ಕರಗಿಸಿ, ಮೈಯೆಲ್ಲ ಒಂದೇ ಸಮನಾದ ಉಕ್ಕನ್ನು ಪಡೆದನು. ಶೆಫೀಲ್ಡಿನ ಚಾಕುಗಾರರು ಮೊದಲು ಅದನ್ನು ಮುಟ್ಟಲಿಲ್ಲವಂತೆ. ಕೆಲಸಕ್ಕೆ ತೀರ ಗಡಸು ಎಂದು ದೂರಿದರಂತೆ. ಫ್ರಾನ್ಸಿನವರು ಅದೇ ಉಕ್ಕನ್ನು ಕೊಂಡು ಒಳ್ಳೆಯ ಚಾಕುಗಳನ್ನು ಮಾಡಿ ಮಾರತೊಡಗಿದಾಗ ಇವರ ಕಣ್ಣು ತೆರೆಯಿತೆಂಬುದು ಊರಿನ ಹಳೆಯ ಮಾತು. ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆ ದಕ್ಷಿಣ ಭಾರತಕ್ಕೆ ಅದಕ್ಕೂ ಬಹಳ ಹಿಂದಿನಿಂದಲೇ ಗೊತ್ತಿತ್ತು. 1800ರ ಸುಮಾರಿನಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಯೂರೋಪಿನ ಪಂಡಿತರು ಆ ಉಕ್ಕನ್ನು ‘ವೂಟ್ಸ್’ ಎಂದು ಕರೆದರು. ಆ ಪದವು ಕನ್ನಡದ ‘ಉಕ್ಕು’ ಎಂಬುದರಿಂದಲೇ ಹುಟ್ಟಿದುದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮೈಕೇಲ್ ಫ್ಯಾರಡೆಯು ಸ್ಟೋಡಾರ್ಟ್ ಎಂಬಾತನೊಡನೆ ವೂಟ್ಸಿನ ಗುಟ್ಟನ್ನು ಅರಸುತ್ತ ಉಕ್ಕಿನ ಮಿಶ್ರಣಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಕೆಲವನ್ನು ದೊಡ್ಡ ಪ್ರಮಾಣದಲ್ಲಿ ಕರಗಿಸಿದ್ದು ಶೆಫೀಲ್ಡಿನ ಕುಲುಮೆಯಲ್ಲಿ.

ಇನ್ನು ಚಾಕುವಿನ ವಿಚಾರ. ಶೆಫೀಲ್ಡಿನ ಹಳೆಯ ಮಾದರಿಯ ಕಿಸೆಚಾಕುವಿನಲ್ಲಿ ಗುಂಡಿಯಿಲ್ಲ, ಬೀಗವಿಲ್ಲ. ಅಲಗು, ಅದರ ಬುಡದಲ್ಲಿ ಒಂದು ತೂತು, ತೂತಿನಲ್ಲಿ ಒಂದು ಆಣಿ, ಹಿಡಿಯ ಬೆನ್ನಿನುದ್ದಕ್ಕೂ ಒಂದು ಸ್ಪ್ರಿಂಗು, ಇಕ್ಕೆಲಗಳಲ್ಲಿ ಹಿತ್ತಾಳೆಯ ತಗಡು, ಅದರ ಮೇಲೆ ಕೊಂಬಿನದೋ ಮುತ್ತಿನ ಚಿಪ್ಪಿನದೋ ಹೊದಿಕೆ. ಇಷ್ಟೇ. ಅಲಗಿನ ಗೀರಿನಲ್ಲಿ ಉಗುರು ಸಿಕ್ಕಿಸಿ ಎಳೆದರೆ, ಬುಡದ ಮೂಲೆಯು ಸ್ಪ್ರಿಂಗಿನ ತುದಿಯನ್ನು ಮೇಲಕ್ಕೆತ್ತುತ್ತದೆ. ಮೂಲೆ ದಾಟಿದೊಡನೆ ಸ್ಪ್ರಿಂಗು ಮತ್ತೆ ಕೆಳಗಿಳಿದು ಬುಡದ ಚಪ್ಪಟೆ ಭಾಗವನ್ನು ಒತ್ತಿ ಹಿಡಿಯುತ್ತದೆ. ಹಾಗೆ ಇಳಿಯುವಾಗಲೇ ‘ಟಕ್’ ಎನ್ನುವುದು. ಬುಡವನ್ನು ಚೌಕವಾಗಿ ಅರೆದಿದ್ದರೆ ಅರ್ಧ ದಾರಿಯಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಹೀಗೆ ಎರಡು ಸಲ ಸದ್ದಾಗುವುದು. ಕಸಬುದಾರರ ಭಾಷೆಯಲ್ಲಿ ಚಾಕುವಿಗೆ ನಡಿಗೆಯೂ ಉಂಟು, ಮಾತೂ ಉಂಟು. ಅಲಗು ಎಲ್ಲಿಯೂ ತಡವರಿಸದೆ ಒಂದೇ ಹದದಲ್ಲಿ ತಿರುಗಿದರೆ ಅದರ ನಡಿಗೆ ಒಳ್ಳೆಯದು. ಕೊನೆಯ ಸದ್ದು ಖಚಿತವಾಗಿ ಕೇಳಿಸಿದರೆ ಅದರ ಮಾತು ಒಳ್ಳೆಯದು. ಅಳತೆಯ ಯಂತ್ರಗಳು ಬರುವ ಮೊದಲು ಚಾಕುಗಾರನಿಗೆ ಪರೀಕ್ಷೆಯ ಸಾಧನಗಳಾಗಿದ್ದುದು ಅವನ ಬೆರಳು ಮತ್ತು ಕಿವಿ, ಇವೆರಡೇ.

ಆದುದರಿಂದ, ಚಾಕುವನ್ನು ತೆರೆದು ಮುಚ್ಚುವುದು ಹುಡುಗಾಟವೆಂದು ಶೆಫೀಲ್ಡಿನವರು ಹೇಳಲಾರರು. ಅದು ಅವರ ಕೆಲಸದ ಕೊನೆಯ ಹಂತ. ಹೊಸ ಚಾಕುವಿನಲ್ಲಿ ಬುಡಕ್ಕೂ ಸ್ಪ್ರಿಂಗಿಗೂ ಇನ್ನೂ ಪರಿಚಯವಾಗಿರುವುದಿಲ್ಲ. ಅರ ಉಜ್ಜಿದ ಸೂಕ್ಷ್ಮ ಗೀರುಗಳು ಎರಡರ ಮೈಮೇಲೂ ಇರುತ್ತವೆ. ಹಲವು ಸಲ ತೆರೆದು ಮುಚ್ಚಿದಾಗ ಈ ಗೀರುಗಳು ನುಣುಪಾಗಿ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇದೂ ಸವೆತವೇ, ಆದರೆ ಹಿತವಾದ ಸವೆತ. ಹೊಸ ಚಪ್ಪಲಿ ಕಾಲಿಗೆ ಒಗ್ಗುವಂತೆ ಎನ್ನಬಹುದು.

ಅದು ಎಲ್ಲಿಯವರೆಗೆ ಹಿತ, ಎಲ್ಲಿಂದ ಮುಂದೆ ಕೇಡು? 1953ರಲ್ಲಿ ಆರ್ಚರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಸವೆತಕ್ಕೆ ಒಂದು ಸರಳ ನಿಯಮವನ್ನು ಕೊಟ್ಟನು. ಒತ್ತಡ ಹೆಚ್ಚಿದಷ್ಟೂ, ಉಜ್ಜಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು. ಲೋಹ ಗಡಸಾದಷ್ಟೂ ಸವೆತ ಕಡಿಮೆ. ಇದನ್ನು ಕಿಸೆಚಾಕುವಿಗೆ ಅನ್ವಯಿಸಿ ನೋಡಬಹುದು. ಅಲಗಿನ ಬುಡದ ಅಗಲ 8 ಮಿಲಿಮೀಟರ್ ಎಂದು ಇಟ್ಟುಕೊಂಡರೆ, ಒಮ್ಮೆ ತೆರೆದಾಗ ಸ್ಪ್ರಿಂಗಿನ ತುದಿ ಅದರ ಮೇಲೆ ಉಜ್ಜುವ ದೂರ ಸುಮಾರು 12 ಮಿಲಿಮೀಟರ್. ತೆರೆದು ಮುಚ್ಚಿದರೆ 25. ದಿನಕ್ಕೆ ನಾಲ್ಕು ಬಾರಿ ಕೆಲಸಕ್ಕಾಗಿ ತೆರೆಯುವ ಮನುಷ್ಯನ ಚಾಕು ವರ್ಷಕ್ಕೆ 36 ಮೀಟರಿನಷ್ಟು ಉಜ್ಜಿಕೊಳ್ಳುತ್ತದೆ; ಒಂದು ಬೀದಿಯ ಕೊನೆಯನ್ನೂ ಮುಟ್ಟಿದಂತಾಗಲಿಲ್ಲ. ಮಾತನಾಡುತ್ತ, ಓದುತ್ತ, ರೈಲಿಗೆ ಕಾಯುತ್ತ ದಿನಕ್ಕೆ 100 ಬಾರಿ ಟಕ್ ಟಕ್ ಎನ್ನಿಸುವವನ ಚಾಕು ಒಂದೇ ವರ್ಷದಲ್ಲಿ 900 ಮೀಟರ್ ದಾಟುತ್ತದೆ. ಹತ್ತು ವರ್ಷಕ್ಕೆ 9 ಕಿಲೋಮೀಟರ್! ತಾತನ ಗದರಿಕೆಯಲ್ಲಿ ಹುರುಳಿಲ್ಲದೆ ಇಲ್ಲ.

ಆದರೂ ಈ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಉಕ್ಕಿನ ಮೇಲೆ ಉಕ್ಕು ನೇರವಾಗಿ ಉಜ್ಜುವುದು ಬೇರೆ, ನಡುವೆ ಎಣ್ಣೆಯ ಪೊರೆಯಿರುವುದು ಬೇರೆ. ಒಂದು ಹನಿ ಎಣ್ಣೆಯಿದ್ದರೆ ಸವೆತ ಬಹಳ ಪಾಲು ಇಳಿಯುತ್ತದೆ. ಕೆಲವು ಹಳೆಯ ಚಾಕುಗಳ ಅಲಗಿನ ಮೇಲೆಯೇ ‘ಕೀಲುಗಳಿಗೆ ಎಣ್ಣೆ ಹಾಕಿ’ ಎಂಬ ಎಚ್ಚರಿಕೆಯನ್ನು ಕೊರೆದಿರುತ್ತಿದ್ದರು; ಕೊಂಡವರು ಅದನ್ನು ಓದುತ್ತಿದ್ದರೇ ಎಂಬುದು ಬೇರೆ ಮಾತು. ಎಣ್ಣೆಯಿಲ್ಲದುದಕ್ಕಿಂತ ಕೇಡಾದುದು ಇನ್ನೊಂದಿದೆ. ಕಿಸೆ ಎಂದರೆ ಧೂಳಿನ ಉಗ್ರಾಣ. ನೂಲಿನ ಎಳೆ, ಹೊಗೆಸೊಪ್ಪಿನ ಪುಡಿ, ಎಲ್ಲಕ್ಕಿಂತ ಹೆಚ್ಚಾಗಿ ಮರಳು. ಮರಳಿನ ಕಣವು ಹದ ಮಾಡಿದ ಉಕ್ಕಿಗಿಂತಲೂ ಗಡಸು. ಅಂಥ ಒಂದು ಕಣ ಕೀಲಿನೊಳಗೆ ಸೇರಿತೆಂದರೆ ಪ್ರತಿಯೊಂದು ಟಕ್ಕಿಗೂ ಅದು ಒಂದೊಂದು ಗೀರು ಎಳೆಯುತ್ತದೆ. ಆಣಿಯ ಸುತ್ತ ತೂತು ಅಗಲವಾಗುತ್ತದೆ. ಅಲಗು ಅತ್ತಿತ್ತ ಅಲ್ಲಾಡತೊಡಗುತ್ತದೆ. ಆಣಿಯ ತಲೆಗೆ ಸಣ್ಣ ಸುತ್ತಿಗೆಯಿಂದ ಹದವಾಗಿ ತಟ್ಟಿ ಈ ಅಲುಗಾಟವನ್ನು ಬಿಗಿಮಾಡಲು ಚಾಕುಗಾರನಿಗೆ ಬರುತ್ತದೆ. ಸ್ಪ್ರಿಂಗಿನ ತುದಿಯೂ ಬುಡದ ಚಪ್ಪಟೆಯೂ ಸವೆದು, ತೆರೆದ ಅಲಗು ಮೇಲೆ ಕೆಳಗೆ ತೂಗತೊಡಗಿದರೆ ಮಾತ್ರ ಅದನ್ನು ಸರಿಪಡಿಸುವುದು ಕಷ್ಟ.

ಇವೆಲ್ಲ ನಿಧಾನವಾಗಿ ಬರುವ ಕೇಡುಗಳು. ಒಂದೇ ಗಳಿಗೆಯಲ್ಲಿ ಆಗುವ ಕೇಡೊಂದಿದೆ. ಅದನ್ನು ಮಾಡುವುದು ತೆರೆಯುವ ಕೈಯಲ್ಲ, ಮುಚ್ಚುವ ಕೈ. ಅಲಗಿನ ಬುಡದ ಕೆಳಗೆ ಕಡಲೆಕಾಳಿಗಿಂತ ಚಿಕ್ಕದಾದ ಒಂದು ಉಬ್ಬು ಇರುತ್ತದೆ. ಇದಕ್ಕೆ ಇಂಗ್ಲಿಷ್ ಕಸಬುದಾರರು ‘ಕಿಕ್’ ಎನ್ನುವರು. ಚಾಕು ಮುಚ್ಚಿದಾಗ ಈ ಉಬ್ಬು ಸ್ಪ್ರಿಂಗಿಗೆ ತಾಗಿ ನಿಂತು, ಅಲಗಿನ ಬಾಯಿಯು ಸ್ಪ್ರಿಂಗಿಗೆ ಬಡಿಯದಂತೆ ಕೂದಲೆಳೆಯಷ್ಟು ಅಂತರವನ್ನು ಕಾಯುತ್ತದೆ. ಮೆಲ್ಲಗೆ ಮುಚ್ಚಿದರೆ ಅದು ತನ್ನ ಕೆಲಸವನ್ನು ಮಾಡುತ್ತದೆ. ಅರ್ಧ ಮುಚ್ಚಿ ಬೆರಳು ತೆಗೆದು ಸ್ಪ್ರಿಂಗಿನ ಬಲಕ್ಕೆ ಬಿಟ್ಟುಬಿಟ್ಟರೆ, ಅಲಗು ಓಡಿಬಂದ ರಭಸಕ್ಕೆ ಆ ಕೂದಲೆಳೆಯ ಅಂತರವನ್ನೂ ದಾಟಿ, ಹರಿತವಾದ ಬಾಯಿ ಹೋಗಿ ಸ್ಪ್ರಿಂಗಿನ ಬೆನ್ನಿಗೆ ಬಡಿಯಬಹುದು. ಹೊಟ್ಟೆಯ ಭಾಗದಲ್ಲಿ ಧಾರೆ ಮುದುಡುತ್ತದೆ. ಎಷ್ಟು ಸಾಣೆ ಹಿಡಿದರೂ ಅದೇ ಒಂದು ಜಾಗದಲ್ಲಿ ಚಾಕು ಏಕೆ ಮೊಂಡಾಗುತ್ತದೆಂದು ಯಜಮಾನ ತಲೆ ಕೆಡಿಸಿಕೊಳ್ಳುತ್ತಾನೆ. ಕಿವಿಗೆ ಅತ್ಯಂತ ಸೊಗಸಾದ ಆ ಕೊನೆಯ ‘ಟಕ್’ ಇದೆಯಲ್ಲ, ಅದೇ ಕಳ್ಳ.

ಹಾಗೆಂದು ಹಳೆಯ ಚಾಕುಗಳು ಸಾಯುವುದು ಕೀಲಿನಿಂದಲೇ ಎಂದು ತಿಳಿದರೂ ತಪ್ಪಾದೀತು. ಕೆಲ್ಹಮ್ ದ್ವೀಪದ ವಸ್ತುಸಂಗ್ರಹಾಲಯದಲ್ಲಿ ಕೆನ್ ಹಾಲಿ ಎಂಬ ಸಜ್ಜನರು (1927–2014) ಬಾಳೆಲ್ಲ ಕೂಡಿಹಾಕಿದ ಶೆಫೀಲ್ಡಿನ ಉಪಕರಣಗಳ ಸಂಗ್ರಹವಿದೆ. ಡಾನ್ ನದಿಯಿಂದ ಗಿರಣಿಗಾಗಿ ತೋಡಿದ ಕಾಲುವೆಯೊಂದು ಸುತ್ತುವರಿದುದರಿಂದ ಆ ಜಾಗಕ್ಕೆ ದ್ವೀಪವೆಂದು ಹೆಸರು. ಕಿಸೆಯಲ್ಲಿ ಬಹುಕಾಲ ಬಾಳಿದ ಚಾಕುವನ್ನು ಇಲ್ಲಿಯಾಗಲಿ ಹಳೆಯ ಸಾಮಾನಿನ ಅಂಗಡಿಯಲ್ಲಾಗಲಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಸ್ಪ್ರಿಂಗಿಗೆ ಇನ್ನೂ ಬಲವಿರುತ್ತದೆ, ಅಲಗು ಮಾತ್ರ ಕಡ್ಡಿಯಂತಾಗಿರುತ್ತದೆ. ಅದನ್ನು ತಿಂದುದು ಸಾಣೆಕಲ್ಲು. ಬೀದಿಯ ಸಾಣೆಯವನು ಒಮ್ಮೆ ಕಲ್ಲಿಗೆ ಹಿಡಿದಾಗ ಹೋಗುವ ಉಕ್ಕಿನ ಮುಂದೆ ಸಾವಿರ ಟಕ್ಕುಗಳ ಸವೆತ ಯಾವ ಲೆಕ್ಕಕ್ಕೂ ಇಲ್ಲ.

ಸಾಣೆಕಲ್ಲಿನ ಕಥೆಯನ್ನು ತಿಳಿಯಬೇಕಾದರೆ ಊರ ಗದ್ದಲ ಬಿಟ್ಟು ಪೋರ್ಟರ್ ಹೊಳೆಯ ದಂಡೆಯಲ್ಲಿ ಮೇಲಕ್ಕೆ ನಡೆಯಬೇಕು. ಈಗ ಅದು ಉದ್ಯಾನ; ತಾಯಂದಿರು ಮಕ್ಕಳ ಗಾಡಿ ತಳ್ಳಿಕೊಂಡು ಓಡಾಡುತ್ತಾರೆ, ಬಾತುಗಳು ಕೊಳದಲ್ಲಿ ತೇಲುತ್ತವೆ. ಆ ಕೊಳ ಬಾತುಗಳಿಗಾಗಿ ಮಾಡಿದುದಲ್ಲ; ಚಕ್ರಕ್ಕೆ ನೀರು ಕೂಡಿಡಲೆಂದು ಕಟ್ಟಿದ ಕೆರೆ. ಅದರ ಕಟ್ಟೆಯ ಕೆಳಗೆ ಗಿಡ್ಡವಾದ ಕಲ್ಲುಕಟ್ಟಡವೊಂದಿದೆ. ಶೆಫರ್ಡ್ ವೀಲ್ ಎಂಬ ಈ ಸಾಣೆಮನೆಯ ಪ್ರಸ್ತಾಪ 1584ರ ದಾಖಲೆಯಲ್ಲಿಯೇ ಬರುತ್ತದೆ. ಇಲ್ಲಿ ಕೆಲಸ ನಿಂತದ್ದು 1930ರಲ್ಲಿ. ಒಳಗೆ ಕತ್ತಲೆ, ತಂಪು. ಕಲ್ಲುಗಳು ಸಾಲಾಗಿ ನೀರಿನ ತೊಟ್ಟಿಗಳಲ್ಲಿ ನಿಂತಿವೆ. ಪ್ರತಿ ಕಲ್ಲಿನ ಹಿಂದೆ ಕುದುರೆಯ ಜೀನಿನಂತಿರುವ ಒಂದು ಮರದ ಆಸನ. ಸಾಣೆಗಾರನು ಅದರ ಮೇಲೆ ಕಾಲು ಚಾಚಿ ಕುಳಿತು, ಮೈ ಮುಂದಕ್ಕೆ ಬಾಗಿಸಿ, ಮುಖವನ್ನು ಕಲ್ಲಿಗೆ ಹತ್ತಿರ ತಂದು ಅಲಗನ್ನು ಒತ್ತಿ ಹಿಡಿಯಬೇಕು. ದಿನವೆಲ್ಲ, ವರ್ಷವೆಲ್ಲ.

ಕಿಸೆಚಾಕುವಿನ ಅಲಗನ್ನು ಒದ್ದೆ ಕಲ್ಲಿನ ಮೇಲೆ ಅರೆಯುತ್ತಿದ್ದರು. ಊಟದ ಮುಳ್ಳುಚಮಚ, ಸೂಜಿ ಮೊದಲಾದವುಗಳಿಗೆ ಒಣ ಕಲ್ಲು. ಒಣ ಕಲ್ಲಿನಿಂದ ಏಳುತ್ತಿದ್ದ ಧೂಳು ಉಕ್ಕಿನದು ಮತ್ತು ಮರಳಿನದು; ಕಿಸೆಚಾಕುವಿನ ಕೀಲನ್ನು ತಿನ್ನುವ ಅದೇ ಮರಳು. ಅದು ಸಾಣೆಗಾರನ ಶ್ವಾಸಕೋಶಕ್ಕೆ ಸೇರಿತು. ಊರವರು ಇದಕ್ಕೆ ‘ಸಾಣೆಗಾರರ ಉಬ್ಬಸ’ ಎಂದು ಹೆಸರಿಟ್ಟಿದ್ದರು. ಶೆಫೀಲ್ಡಿನ ವೈದ್ಯ ಡಾಕ್ಟರ್ ನೈಟ್ ಎಂಬಾತನು ಒಣ ಕಲ್ಲಿನವರು 35 ವರ್ಷವನ್ನು ಮುಟ್ಟುವುದೇ ಕಷ್ಟ, ಒದ್ದೆ ಕಲ್ಲಿನವರು 45ನ್ನು ದಾಟುವುದು ಅಪರೂಪ ಎಂದು ಕಂಡಿದ್ದನು. ಆತನ ಈ ವರದಿಯನ್ನು ಫ್ರೆಡರಿಕ್ ಎಂಗೆಲ್ಸ್ 1845ರಲ್ಲಿ ಇಂಗ್ಲೆಂಡಿನ ಕಾರ್ಮಿಕರನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಎತ್ತಿಕೊಟ್ಟಿದ್ದಾನೆ. ಹದಿನಾಲ್ಕನೆಯ ವಯಸ್ಸಿಗೆ ಜೀನು ಏರಿದ ಹುಡುಗನಿಗೆ ಇಪ್ಪತ್ತು ವರ್ಷದ ಕೆಲಸ. ಆಮೇಲೆ ಕೆಮ್ಮು, ರಕ್ತ, ಹಾಸಿಗೆ. ಹೆಂಡತಿಗೆ ವೈಧವ್ಯ.

ಇದಕ್ಕೆ ಉಪಾಯ ತೋಚದಿರಲಿಲ್ಲ. 1820ರ ದಶಕದಲ್ಲಿ ಇದೇ ಊರಿನ ಏಬ್ರಹಾಂ ಎಂಬಾತನು ಉಕ್ಕಿನ ಧೂಳನ್ನು ಸೆಳೆದುಕೊಳ್ಳುವ ಅಯಸ್ಕಾಂತದ ಕಾಪೊಂದನ್ನು ರಚಿಸಿದನು. ಸಾಣೆಗಾರರು ಅದನ್ನು ತೊಡಲಿಲ್ಲ. ಕೆಲಸ ಅಪಾಯಕರವಾಗಿರುವುದರಿಂದಲೇ ಕೂಲಿ ಹೆಚ್ಚು. ಅಪಾಯ ಹೋದರೆ ಜನ ನುಗ್ಗಿ ಬರುತ್ತಾರೆ, ಕೂಲಿ ಇಳಿಯುತ್ತದೆ ಎಂಬುದು ಅವರ ಭಯ. ದೂರ ಕುಳಿತು ಇದನ್ನು ಮೂಢತನವೆಂದು ನಗುವುದು ಸುಲಭ. ಆದರೆ ಮನೆಯಲ್ಲಿ ಐದು ಹೊಟ್ಟೆಗಳನ್ನು ಇಟ್ಟುಕೊಂಡು ವಾರದ ಕೂಲಿಯಲ್ಲಿ ಬದುಕುವವನಿಗೆ ಮುಂದಿನ ಶನಿವಾರಕ್ಕಿಂತ ಆಚೆಯ ಲೆಕ್ಕ ಎಲ್ಲಿ ಬರಬೇಕು? ಅಲ್ಲದೆ ಅಯಸ್ಕಾಂತವು ಸೆಳೆಯುತ್ತಿದ್ದುದು ಉಕ್ಕನ್ನು, ಕೊಲ್ಲುತ್ತಿದ್ದ ಮರಳನ್ನಲ್ಲ. ಕೃತಕ ಸಾಣೆಚಕ್ರಗಳು ಬಂದು ಮರಳುಗಲ್ಲು ಮೂಲೆಗೆ ಸೇರಿದ ಮೇಲೆಯೇ ಈ ಶಾಪ ಬಿಡುಗಡೆಯಾದುದು. ಶೆಫರ್ಡ್ ವೀಲಿನ ಆ ನುಣುಪಾದ ಜೀನುಗಳನ್ನು ನೋಡಿದವರಿಗೆ, ಚಾಕುವಿನ ಯಾವ ಭಾಗ ಎಷ್ಟು ಸವೆಯುತ್ತದೆ ಎಂಬ ಪ್ರಶ್ನೆ ಸ್ವಲ್ಪ ಹೊತ್ತು ಮರೆತೇಹೋಗುತ್ತದೆ.

ಸವೆಯದೇ ಇರುವ ಚಾಕುಗಳೂ ಈ ಊರಿನಲ್ಲಿ ಹುಟ್ಟಿವೆ. ಜೋಸೆಫ್ ರಾಜರ್ಸ್ ಎಂಬ ಪ್ರಸಿದ್ಧ ಸಂಸ್ಥೆಯವರು 1822ರಲ್ಲಿ, ಕ್ರಿಸ್ತಶಕದ ವರ್ಷಕ್ಕೊಂದರಂತೆ 1,822 ಅಲಗುಗಳುಳ್ಳ ಒಂದು ಚಾಕುವನ್ನು ಮಾಡಿದರು. ಆಮೇಲೆಯೂ ಅದಕ್ಕೆ ಅಲಗುಗಳನ್ನು ಸೇರಿಸುತ್ತ ಹೋದರು. 1851ರ ಲಂಡನ್ನಿನ ಮಹಾಪ್ರದರ್ಶನಕ್ಕೆಂದು 75 ಅಲಗುಗಳೂ ಉಪಕರಣಗಳೂ ಇರುವ, ಮುತ್ತಿನ ಚಿಪ್ಪಿನ ಹಿಡಿಯ ‘ನಾರ್‌ಫೋಕ್ ಚಾಕು’ವನ್ನು ಮಾಡಿದರು. ಕೆಲಸಗಾರಿಕೆ ಬೆರಗು ಹುಟ್ಟಿಸುವಂಥದೇ. ಆದರೆ ಒಂದು ಸೇಬನ್ನು ಹೆಚ್ಚಲೂ ಒದಗದ, ಬಿಚ್ಚಿದರೆ ಮುಳ್ಳುಹಂದಿಯಂತೆ ಕಾಣುವ ಈ ಚಾಕುಗಳಿಗಿಂತ, ಅದೇ ಸಂಸ್ಥೆಯ ಹೆಸರು ಹೊತ್ತು ಭಾರತದ ಪೇಟೆಗಳಿಗೂ ಬಂದು, ಗುಮಾಸ್ತರ ಮೇಜಿನ ಮೇಲೆ ಪೆನ್ಸಿಲು ಹೆರೆದು ಸವೆದ ಸಾಧಾರಣ ಚಾಕುವೇ ಹೆಚ್ಚಿನದೆಂದರೆ ತಪ್ಪಾಗಲಾರದು.

ಈ ಸಾಧಾರಣ ಚಾಕುಗಳನ್ನು ಮಾಡಿದವರಲ್ಲಿ ಅನೇಕರು ದೊಡ್ಡ ಕಾರ್ಖಾನೆಯವರಲ್ಲ. ಒಂದು ಕೋಣೆ, ಒಂದು ಕಿಟಕಿ, ಒಂದು ಇಕ್ಕಳ, ನಾಲ್ಕು ಅರ, ಒಂದು ಸುತ್ತಿಗೆ ಇಟ್ಟುಕೊಂಡು ತಾನೇ ಯಜಮಾನ ತಾನೇ ಆಳು ಎಂಬಂತೆ ದುಡಿದವರು. ಇವರಿಗೆ ಶೆಫೀಲ್ಡಿನ ಆಡುಮಾತಿನಲ್ಲಿ ‘ಲಿಟ್ಲ್ ಮೆಸ್ಟರ್’, ಎಂದರೆ ಚಿಕ್ಕ ಯಜಮಾನ, ಎಂದು ಹೆಸರು. ಅವರಲ್ಲಿ ಕೊನೆಯ ತಲೆಮಾರಿನ ಹಿರಿಯರಾದ ಸ್ಟಾನ್ ಶಾ ಅವರು 1926ರಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ 14 ವರ್ಷದ ಹುಡುಗನಾಗಿ ಇಬರ್ಸನ್ ಎಂಬವರ ಚಾಕುಮನೆಗೆ ಸೇರಿದರು. 2021ರಲ್ಲಿ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಡುವಿನ ಕಾಲವೆಲ್ಲ ಚಾಕುವಿನದೇ. ಕೊನೆಯ ವರ್ಷಗಳಲ್ಲಿ ಅವರು ಕೆಲ್ಹಮ್ ದ್ವೀಪದ ಸಂಗ್ರಹಾಲಯದಲ್ಲಿಯೇ ಕೆಲಸದ ಮೇಜು ಹಾಕಿಕೊಂಡಿದ್ದರು. ಶಾಲೆಯ ಮಕ್ಕಳು ಸುತ್ತ ನಿಂತು ನೋಡಬಹುದಾಗಿತ್ತು. ಬ್ರಿಟಿಷ್ ಸರ್ಕಾರದ ಪದಕವೂ ಅವರಿಗೆ ಬಂದಿತ್ತು.

ಅಂಥವರ ಕೆಲಸದಲ್ಲಿ ಹದ ಎಂಬುದೇ ಮುಖ್ಯ. ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ ಉಕ್ಕು ಗಾಜಿನಂತೆ ಗಡಸಾಗಿ ಬೇಗ ಮುರಿಯುವಂತಿರುತ್ತದೆ. ಅದನ್ನು ಮತ್ತೆ ಮೆಲ್ಲಗೆ ಬಿಸಿಮಾಡಿದಾಗ ಮೈಮೇಲೆ ಬಣ್ಣಗಳು ಓಡುತ್ತವೆ: ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಿಳೆ, ಕೊನೆಗೆ ನೀಲಿ. ಅಲಗನ್ನು ಹಳದಿಯ ಹತ್ತಿರವೇ ನಿಲ್ಲಿಸಬೇಕು, ಧಾರೆ ಉಳಿಯಲೆಂದು. ಸ್ಪ್ರಿಂಗನ್ನು ನೀಲಿಯವರೆಗೆ ಬಿಡಬೇಕು, ಬಾಗಿಯೂ ಮುರಿಯದಿರಲೆಂದು. ಮನೆಮನೆಯಲ್ಲಿ ಒಬ್ಬಟ್ಟಿನ ಹೂರಣಕ್ಕೆ ಪಾಕದ ಹದ ನೋಡುವ ಗೃಹಿಣಿಗೆ ಈ ಎಚ್ಚರ ಹೊಸದೆನ್ನಿಸಲಾರದು. ಒಂದೇ ಚಾಕುವಿನಲ್ಲಿ ಎರಡು ಹದಗಳಿರುವುದರಿಂದಲೇ, ಸಾವಿರ ಬಾರಿ ತೆರೆದು ಮುಚ್ಚಿದರೂ ಸ್ಪ್ರಿಂಗಿಗೆ ಆಯಾಸವಾಗುವುದಿಲ್ಲ.

ಹಿಡಿಯ ಹೊದಿಕೆಗೆ ಇವರು ಬಹುವಾಗಿ ಮೆಚ್ಚುತ್ತಿದ್ದುದು ಭಾರತದ ಕಡವೆಯ ಕೊಂಬನ್ನು. ಒಳಗೆ ಗಟ್ಟಿ, ಹೊರಗೆ ಮರದ ತೊಗಟೆಯಂಥ ಒರಟು. ಒದ್ದೆ ಕೈಯಲ್ಲಿಯೂ ಜಾರದು. ಕಾಡಿನಲ್ಲಿ ಉದುರಿದ ಕೊಂಬುಗಳು ಮೂಟೆ ಮೂಟೆಯಾಗಿ ಹಡಗೇರಿ ಶೆಫೀಲ್ಡ್ ಸೇರುತ್ತಿದ್ದವು. 1990ರ ದಶಕದ ಕೊನೆಯಲ್ಲಿ ವನ್ಯಮೃಗಗಳ ರಕ್ಷಣೆಗಾಗಿ ಭಾರತವು ಈ ವ್ಯಾಪಾರವನ್ನು ನಿಲ್ಲಿಸಿತು. ಕಡವೆಗೆ ಒಳ್ಳೆಯದಾಯಿತು. ಹಳೆಯ ದಾಸ್ತಾನಿನ ತುಂಡುಗಳನ್ನು ಚಾಕುಗಾರರು ಆಮೇಲೆ ಚಿನ್ನದಂತೆ ಜೋಪಾನ ಮಾಡಿದರು.

ಬ್ರಿಟನ್ನಿನ ಕಾನೂನಿಗೂ ಈ ಟಕ್ ಟಕ್ ಸದ್ದಿಗೂ ವ್ಯಾಜ್ಯವುಂಟು. ಗುಂಡಿ ಒತ್ತಿದೊಡನೆ ತಾನೇ ಚಿಮ್ಮುವ ಚಾಕುವನ್ನು ಮಾಡುವುದನ್ನೂ ಮಾರುವುದನ್ನೂ 1959ರ ಶಾಸನ ನಿಷೇಧಿಸಿತು. 2021ರಿಂದ ಅಂಥದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಹಿಂದಿ ಚಲನಚಿತ್ರಗಳ ಖಳರ ಕೈಯಲ್ಲಿ ಮಿಂಚಿದ ರಾಮಪುರಿಯನ್ನು ಕಂಡವರಿಗೆ ಈ ಭಯ ಅರ್ಥವಾಗದಿರದು. ಇನ್ನು 1988ರ ಶಾಸನದಂತೆ, ಕಾರಣ ಹೇಳದೆ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳಬಹುದಾದುದು ಮಡಿಸುವ ಕಿಸೆಚಾಕು ಮಾತ್ರ. ಅದರ ಬಾಯಿಯ ಉದ್ದ 3 ಅಂಗುಲವನ್ನು ಮೀರಬಾರದು. ತೆರೆದಾಗ ಬೀಗ ಬೀಳುವ ಚಾಕು ಈ ವಿನಾಯಿತಿಗೆ ಸೇರದೆಂದು ಮುಂದೆ ನ್ಯಾಯಾಲಯಗಳು ತೀರ್ಮಾನಿಸಿದವು. ಹೀಗಾಗಿ ಬೀಗವಿಲ್ಲದ, ಬರಿಯ ಸ್ಪ್ರಿಂಗಿನ ಒತ್ತಡದಿಂದ ನಿಲ್ಲುವ ಶೆಫೀಲ್ಡಿನ ಹಳೆಯ ಚಾಕುವಿಗೇ ಕಾನೂನಿನ ಆಶ್ರಯ ದೊರೆತಂತಾಯಿತು. ಆದರೆ ಬೀಗವಿಲ್ಲದ ಚಾಕುವಿನಲ್ಲಿ ಬೆರಳಿಗೆ ರಕ್ಷಣೆ ಆ ಸ್ಪ್ರಿಂಗೊಂದೇ. ಅದು ಸವೆದು ಸಡಿಲವಾದರೆ, ಗಟ್ಟಿಯಾದುದೇನನ್ನೋ ಕೊರೆಯುವಾಗ ಅಲಗು ಮಡಿಚಿ ಬೆರಳ ಮೇಲೆಯೇ ಬರುತ್ತದೆ. ಮೊದಲಿನ ಮಾತು ಉಡುಗಿದ ಚಾಕುವನ್ನು ಮಕ್ಕಳ ಕೈಗೆ ಕೊಡಬಾರದೆಂಬುದು ಇದಕ್ಕಾಗಿಯೇ.

ಚಾಕುಗಾರರಿಗೆ ಆಶ್ರಯ ಕೊಡುವ ಕಾನೂನು ಮಾತ್ರ ಯಾವುದೂ ಇರಲಿಲ್ಲ. 1940ರ ಡಿಸೆಂಬರಿನಲ್ಲಿ ಜರ್ಮನರ ಬಾಂಬುಗಳು ಊರನ್ನು ಕೆಡವಿದವು, ಕಟ್ಟಿಕೊಂಡರು. ಅಗ್ಗದ ಆಮದು ಸಾಮಾನು ಬಂದಿತು. ಅದರ ಮುಂದೆ ನಿಲ್ಲಲಾಗಲಿಲ್ಲ. ಒಂದೊಂದಾಗಿ ಹೆಸರಾಂತ ಕಾರ್ಖಾನೆಗಳು ಬಾಗಿಲು ಹಾಕಿದವು. ಅಂಗಳಗಳಲ್ಲಿ ವಿದ್ಯಾರ್ಥಿಗಳ ವಸತಿಗೃಹಗಳು ಎದ್ದವು. ಮಡಿಸುವ ಚಾಕು ಮಾಡುವ ಕಸಬನ್ನು ಬ್ರಿಟನ್ನಿನ ಪಾರಂಪರಿಕ ಕಸಬುಗಳ ಸಂಸ್ಥೆ ಅಪಾಯದಲ್ಲಿರುವ ವಿದ್ಯೆಗಳ ಪಟ್ಟಿಯಲ್ಲಿ ಸೇರಿಸಿದೆ.

ರ‍್ಯಾಂಡಲ್ ಬೀದಿಯಲ್ಲಿರುವ ಪೋರ್ಟ್‌ಲೆಂಡ್ ವರ್ಕ್ಸ್ ಎಂಬ ಕೆಂಪು ಇಟ್ಟಿಗೆಯ ಕಟ್ಟಡಕ್ಕೂ ಇದೇ ಗತಿ ಬರುವುದರಲ್ಲಿತ್ತು. ಸಾಧಾರಣ ಕಟ್ಟಡವಲ್ಲ ಅದು. ಹ್ಯಾರಿ ಬ್ರಿಯರ್ಲಿ 1913ರಲ್ಲಿ ಶೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಕಂಡುಹಿಡಿದ ಮೇಲೆ, ಆ ಉಕ್ಕಿನ ಮೊದಲ ಚಾಕುಗಳು ತಯಾರಾದುದು ಇಲ್ಲಿ. ಇದನ್ನು ವಾಸದ ಮನೆಗಳಾಗಿ ಮಾರ್ಪಡಿಸುವ ಯೋಜನೆ ಬಂದಾಗ ಬಾಡಿಗೆಗಿದ್ದ ಕಸಬುದಾರರೂ ನೆರೆಹೊರೆಯವರೂ ಎದ್ದು ನಿಂತರು. ಷೇರುಗಳನ್ನು ಮಾರಿ ಹಣ ಕೂಡಿಸಿ, 2013ರಲ್ಲಿ 500ಕ್ಕೂ ಹೆಚ್ಚು ಜನ ಸೇರಿ ಕಟ್ಟಡವನ್ನೇ ಕೊಂಡುಕೊಂಡರು. ಅಂಗಳದ ಸುತ್ತಲಿನ ಕೋಣೆಗಳಲ್ಲಿ ಇಂದು ಚಾಕು ಮಾಡುವವರು, ಬೆಳ್ಳಿಯ ಮುಲಾಮು ಹಾಕುವವರು, ಮರಗೆಲಸದವರು, ಸಂಗೀತದವರು ಒಬ್ಬರ ಗೋಡೆಗೆ ಒಬ್ಬರು ಅಂಟಿಕೊಂಡು ಕೆಲಸ ಮಾಡುತ್ತಾರೆ. ಮೇಲಿನ ಮಹಡಿಯಲ್ಲಿ ಗಿಟಾರು, ಕೆಳಗೆ ಸಾಣೆಚಕ್ರ, ಯಾರಿಗೂ ದೂರಿಲ್ಲ.

ಇಂಥ ಕೋಣೆಯಿಂದ ಹೊರಡುವ ಪ್ರತಿಯೊಂದು ಚಾಕುವನ್ನೂ ಮಾಡಿದವನು ಕೊನೆಯ ಬಾರಿ ಕಿವಿಯ ಹತ್ತಿರ ಹಿಡಿದು ತೆರೆಯುತ್ತಾನೆ. ಅರ್ಧದಲ್ಲಿ ಒಮ್ಮೆ, ಪೂರ್ತಿಯಾದಾಗ ಒಮ್ಮೆ ಸದ್ದನ್ನು ಕೇಳುತ್ತಾನೆ. ಸರಿಬಾರದಿದ್ದರೆ ಮತ್ತೆ ಬಿಚ್ಚಿ, ಬುಡಕ್ಕೆ ಅರವನ್ನು ಎರಡು ಸಲ ತಾಗಿಸಿ, ಮತ್ತೆ ಆಣಿ ಬಡಿಯುತ್ತಾನೆ. ಸರಿಬಂದರೆ ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಬಟ್ಟೆಯಿಂದ ಒರಸಿ, ಅಲಗಿನ ಬೆನ್ನ ಮೇಲೆ ಹೆಬ್ಬೆರಳನ್ನು ಇಟ್ಟುಕೊಂಡೇ ಸದ್ದಾಗದಂತೆ ಮುಚ್ಚುತ್ತಾನೆ.